ಗುಟ್ಟಿನ ತರಕಾರಿ

ಪರದೇಶಕ್ಕೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹೋಗಿ, ಕೂದಲೂ ಕೊಂಕದಂತೆ ವಾಪಸು ಕರೆತರುವುದು ಹೇಗೆಂದು ಲೋಕಕ್ಕೆ ತೋರಿಸಿಕೊಡುತ್ತೇನೆ ಎಂದು ನಾನು ಪಣ ತೊಟ್ಟಿದ್ದೆ. ಏಕೆ ತೊಡಬಾರದು? ಕಚೇರಿಯ ಕಂಪ್ಯೂಟರುಗಳಿಗೆಲ್ಲ ನಾನೇ ಕಾವಲು. ತಿಂಗಳಿಗೊಮ್ಮೆ ಇನ್ನೂರು ಜನ ತಮ್ಮ ಪಾಸ್‌ವರ್ಡ್ ಬದಲಾಯಿಸುವಂತೆ ಮಾಡಿ, ಇನ್ನೂರು ಜನರ ಶಾಪ ಹೊತ್ತು ಬದುಕುವವನು. ಬೆನ್ನ ಹಿಂದೆ ನನ್ನನ್ನು ‘ಬೀಗದ ಸಾಹೇಬ್ರು’ ಅನ್ನುತ್ತಾರೆ. ಅದನ್ನು ನಾನು ಬಿರುದೆಂದೇ ತಿಳಿದಿದ್ದೆ.

ಹೊರಡುವ ಮುಂಚೆ ಹದಿನಾಲ್ಕು ನಿಯಮ ಬರೆದು, ಲ್ಯಾಮಿನೇಷನ್ ಮಾಡಿಸಿ ಜೇಬಿಗಿಟ್ಟೆ. ಪಾಸ್‌ಪೋರ್ಟುಗಳೆಲ್ಲ ಹೋಟೆಲಿನ ಲಾಕರಿನಲ್ಲಿ. ಫೋನಿಗೆ ದಿನಕ್ಕೊಂದು ಪಾಸ್‌ವರ್ಡ್. ಮಕ್ಕಳ ಕಳ್ಳರಿಗಂತೂ ಬ್ರಹ್ಮಾಸ್ತ್ರವನ್ನೇ ಹೂಡಿದ್ದೆ. ಐದು ವರ್ಷದ ಮಗಳ ಕಿವಿಯಲ್ಲಿ ದಿನವೂ ಬೆಳಗ್ಗೆ ಒಂದು ತರಕಾರಿಯ ಹೆಸರು ಹೇಳುವುದು. ಅವಳು ಎಲ್ಲಾದರೂ ತಪ್ಪಿಸಿಕೊಂಡರೆ, ಆ ದಿನದ ತರಕಾರಿ ಹೇಳಿದವರ ಜೊತೆ ಮಾತ್ರ ಹೋಗಬೇಕು.

"ನೀನು ಬಂದ್ರೂ ಕೇಳ್ಬೇಕಾ ಅಪ್ಪಾ?"

"ನಾನು ಬಂದ್ರೂ ಕೇಳ್ಬೇಕು. ಕಾನೂನು ಅಂದ್ಮೇಲೆ ಎಲ್ರಿಗೂ ಒಂದೇ."

ಪಕ್ಕದಲ್ಲಿ ಏಳು ತಿಂಗಳ ಮಗನಿಗೆ ಬಟ್ಟೆ ತೊಡಿಸುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: "ರೀ, ಅದೆಲ್ಲ ಬಿಡಿ. ಸುಮ್ನೆ ಅವಳ ಕೈ ಹಿಡ್ಕೊಂಡು ನಡೀರಿ, ಸಾಕು."

"ಕೈ ಹಿಡ್ಕೊಳ್ಳೋದು ಮೊದಲನೇ ನಿಯಮ ಅಷ್ಟೇ ಕಣೇ. ಇನ್ನೂ ಹದಿಮೂರಿದೆ."

ಮೂರನೆಯ ದಿನ ದೊಡ್ಡ ರೈಲು ನಿಲ್ದಾಣ. ಹೆಂಡತಿ ಮಗನ ಬಟ್ಟೆ ಬದಲಿಸಲು ಹೊರಟಳು. "ಬೇರೆಬೇರೆಯಾದ್ರೆ ಆ ಗಡಿಯಾರದ ಕಂಬದ ಕೆಳಗೆ ನಿಂತಿರು, ಕದಲಬೇಡ. ಒಂಬತ್ತನೇ ನಿಯಮ" ಎಂದು ಅಪ್ಪಣೆ ಕೊಟ್ಟು ಕಳಿಸಿದೆ. ಆಮೇಲೆ, ಅದು ಎಂಟನೆಯದೋ ಒಂಬತ್ತನೆಯದೋ ಎಂದು ಅನುಮಾನ ಬಂತು. ಪಟ್ಟಿ ಜೇಬಿನಲ್ಲಿದೆ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಮಗಳು. ಪೆಟ್ಟಿಗೆ ಬಿಟ್ಟರೆ ಕಳ್ಳರ ಕಾಟ. ಮಗಳ ಕೈ ಬಿಟ್ಟೆ.

ಒಂಬತ್ತನೆಯದೇ. ತಲೆಯೆತ್ತಿ ನೋಡಿದರೆ ಮಗಳಿಲ್ಲ.

ಮುಂದಿನ ಇಪ್ಪತ್ತು ನಿಮಿಷಗಳ ಬಗ್ಗೆ ತಮಾಷೆ ಮಾಡಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಆಗಷ್ಟೇ ಒಂದು ರೈಲು ಬಂದು ಜನರನ್ನು ಸುರಿದಿತ್ತು. ಮಗಳು ತೊಟ್ಟಿದ್ದದ್ದು ಹಳದಿ ಕೋಟು. ಪೆಟ್ಟಿಗೆ ಎಳೆಯುತ್ತ, ಹಳದಿ ಕೋಟು ಕಂಡಲ್ಲೆಲ್ಲ ಓಡಿದೆ. ನಾಲ್ಕು ಹಳದಿ ಕೋಟಿನ ಮಕ್ಕಳ ಮುಖ ನೋಡಿ, ನಾಲ್ಕು ತಾಯಂದಿರಿಂದ ನೂಕಿಸಿಕೊಂಡೆ. ಹಳಿಗಳ ಕಡೆ ನೋಡಲು ಧೈರ್ಯವಾಗಲಿಲ್ಲ, ನೋಡದಿರಲೂ ಆಗಲಿಲ್ಲ. ಅವಳ ಹೆಸರು ಹಿಡಿದು ಕೂಗಿದೆ. ಅಲ್ಲಿಯವರಿಗೆ ಅದು ಹೆಸರೆಂದೂ ತಿಳಿಯದು. ಇವಳೊಬ್ಬಳು ಸಿಕ್ಕರೆ ಸಾಕು, ಜನ್ಮದಲ್ಲಿ ಇನ್ನು ಯಾರಿಗೂ ನಿಯಮ ಹೇಳುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟೆ.

ಕೊನೆಗೆ ಕಾವಲಿನವರ ಕೋಣೆಯ ಗಾಜಿನಾಚೆ ಆ ಹಳದಿ ಕೋಟು ಕಂಡಿತು. ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದಳು. ಕಾಲು ನೆಲ ಮುಟ್ಟುತ್ತಿರಲಿಲ್ಲ, ಕಣ್ಣು ಕೆಂಪಾಗಿತ್ತು. ಬಾಗಿಲು ನೂಕಿಕೊಂಡು ಒಳಗೆ ನುಗ್ಗಿದೆ. ಅವಳು ಸರಿದು ಗೋಡೆಗೆ ಒತ್ತಿಕೊಂಡಳು.

"ಇವತ್ತಿನ ತರಕಾರಿ ಹೇಳು."

ಬೆಳಗ್ಗೆ ಹಲ್ಲುಜ್ಜುತ್ತ ಅವಳ ಕಿವಿಯಲ್ಲಿ ಏನೋ ಹೇಳಿದ್ದೆ. ಏನೆಂದು ನೆನಪಿಲ್ಲ.

"ಬೆಂಡೆಕಾಯಿ?"

"ಅದು ನಿನ್ನೇದು."

"ಹೀರೇಕಾಯಿ? ಬದನೇಕಾಯಿ? ಮೂಲಂಗಿ?"

ಪ್ರತಿ ತಪ್ಪಿಗೂ ಅವಳ ತುಟಿ ಇನ್ನಷ್ಟು ನಡುಗಿತು. ಓಡಿ ಬರುವ ಆಸೆ ಅವಳ ಕಣ್ಣಲ್ಲೇ ಇತ್ತು. ಆದರೆ ಅವಳು ನನ್ನ ಮಗಳು, ನಿಯಮ ಮುರಿಯಲಾರಳು.

ಕಾವಲಿನ ಹೆಂಗಸು ನಮ್ಮಿಬ್ಬರ ನಡುವೆ ಬಂದು ನಿಂತಳು. ಅವಳ ಫೋನು ಅವಳ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ, ಶುದ್ಧ ಗ್ರಾಂಥಿಕದಲ್ಲಿ ವಿಚಾರಿಸಿತು: "ಮಾನ್ಯರೇ, ತಾವು ತರಕಾರಿ ವರ್ತಕರೇ?"

"ಅಲ್ಲ, ನಾನು ಅವಳ ಅಪ್ಪ."

"ಬಾಲಿಕೆಯು ತಮ್ಮೊಡನೆ ಬರಲು ನಿರಾಕರಿಸುತ್ತಿದ್ದಾಳೆ. ಗುರುತಿನ ಪತ್ರ ತೋರಿಸತಕ್ಕದ್ದು."

ಅದು ಲಾಕರಿನಲ್ಲಿದೆ.

"ಬಾಲಿಕೆಯೊಡನಿರುವ ಭಾವಚಿತ್ರವಾದರೂ ಇರುವುದೇ?"

ಬೇಕಾದಷ್ಟಿವೆ ಎಂದು ಫೋನು ತೆಗೆದೆ. ಅದರ ಪಾಸ್‌ವರ್ಡನ್ನೂ ಬೆಳಗ್ಗೆಯೇ ಬದಲಾಯಿಸಿದ್ದೆ. ಮೂರು ಸಲ ತಪ್ಪು ಒತ್ತಿದೆ. ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ ಎಂದಿತು. ನಮ್ಮ ಕಚೇರಿಯಲ್ಲಿ ಈ ಶಿಕ್ಷೆಯನ್ನು ಜಾರಿಗೆ ತಂದವನು ನಾನೇ. ಮಾಡಿದ್ದುಣ್ಣೋ ಮಹರಾಯ.

ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದರು. ನಾಲ್ಕು ಹೆಜ್ಜೆ ಆಚೆ ಮಗಳು. ಹೆತ್ತ ಮಗಳನ್ನು ಮುಟ್ಟಲು ಯೋಗ್ಯತೆಯಿಲ್ಲದವನಾಗಿ ಕುಳಿತೆ. ಅಳು ಬಂತು, ಅತ್ತುಬಿಟ್ಟೆ.

"ತೊಂಡೇಕಾಯಿ?" ಎಂದೆ, ಮೂಗು ಒರೆಸಿಕೊಳ್ಳುತ್ತ.

"ಅಲ್ಲ" ಎಂದಳು, ಅವಳೂ ಅಳುತ್ತ.

ಹೆಂಡತಿ ಕಂಬದ ಕೆಳಗೆ ಮುಕ್ಕಾಲು ಗಂಟೆ ನಿಂತು, ಕೊನೆಗೆ ಒಂಬತ್ತನೆಯ ನಿಯಮಕ್ಕೆ ಬೆಂಕಿ ಬೀಳಲಿ ಎಂದು ಮಗನನ್ನು ಎತ್ತಿಕೊಂಡು ಹುಡುಕುತ್ತ ಬಂದಳು. ಬಾಗಿಲಲ್ಲಿ ಅವಳ ಮುಖ ಕಂಡದ್ದೇ ತಡ, ಮಗಳು ಬೆಂಚಿನಿಂದ ಹಾರಿ ಅವಳನ್ನು ತಬ್ಬಿಕೊಂಡಳು. ತರಕಾರಿಯ ಸುದ್ದಿಯೇ ಇಲ್ಲ.

"ಇವರು ತಾಯಿ ಎಂಬುದು ಸಾಬೀತಾಯಿತು" ಎಂದಿತು ಫೋನು. "ಮೂಲೆಯಲ್ಲಿ ರೋದಿಸುತ್ತಿರುವ ಆ ಮಾನ್ಯರು ಯಾರು?"

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಉತ್ತರ ಹೇಳಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡಳು.

"ನಮ್ಮನೆಯವರೇ. ಏನ್ಮಾಡೋದು."

ಹೊರಗೆ ಬಂದೆವು. ಮಗಳು ಅಮ್ಮನ ಕೈ ಹಿಡಿದಿದ್ದಳು. ನಾನು ಪಕ್ಕದಲ್ಲಿ ಬಾಗಿ ಮೆಲ್ಲಗೆ ಕೇಳಿದೆ: "ನನ್ನನ್ನ ಅಷ್ಟು ಹೊತ್ತು ಸತಾಯಿಸಿದ್ಯಲ್ಲ, ಅಮ್ಮನ್ನ ಯಾಕೆ ತರಕಾರಿ ಕೇಳ್ಲಿಲ್ಲ?"

ಇದೆಂಥ ಪ್ರಶ್ನೆ ಎಂಬಂತೆ ಅವಳು ನನ್ನನ್ನು ನೋಡಿದಳು.

"ಅಮ್ಮನ್ನ ಯಾಕೆ ಕೇಳ್ಬೇಕು? ಕೈ ಬಿಟ್ಟಿದ್ದು ಅಮ್ಮ ಅಲ್ವಲ್ಲ."

ನಾನು ಅವರ ಹಿಂದೆ ನಡೆದೆ. ಪೆಟ್ಟಿಗೆ ನನ್ನ ಕೈಯಲ್ಲಿ ಭದ್ರವಾಗಿತ್ತು.