ಲೋಟದ ಸಾಹೇಬರ ಕೋಣೆ

ಕಲ್ಲುಕ್ವಾರಿಯ ಇಂಜಿನಿಯರನ್ನು ಎಲ್ಲರೂ ಲೋಟದ ಸಾಹೇಬರೆಂದೇ ಕರೆಯುತ್ತಿದ್ದರು. ಬಂಡೆ ಸಿಡಿಸುವಾಗಲೆಲ್ಲ ನೆಲ ಎಷ್ಟು ಅದುರಿತೆಂದು ನೋಡಲು ಅವರು ಲೋಟದ ತುಂಬ ನೀರಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂರಬೇಕಿತ್ತು. ನೀರು ಚೆಲ್ಲಿದರೆ ಮದ್ದು ಜಾಸ್ತಿಯಾಯಿತೆಂದು ಅರ್ಥ. ಚೆಲ್ಲುತ್ತಿದ್ದದ್ದು ಮಾತ್ರ ಯಾವಾಗಲೂ ಅವರ ಪ್ಯಾಂಟಿನ ಮೇಲೆಯೇ.

ಕೊನೆಗೂ ನೆಲದ ಅದುರುವಿಕೆ ಅಳೆಯುವ ಮೆಷಿನ್ ಬಂತು. "ಇವತ್ತಿನ ಸಿಡಿತಕ್ಕೆ ಇದು ಉಳಿದ್ರೆ ಲೋಟಕ್ಕೆ ರಜೆ ಕಣಯ್ಯಾ. ಇಲ್ಲಾಂದ್ರೆ ನೀನುಂಟು, ನಿನ್ನ ಲೋಟ ಉಂಟು," ಎಂದರು ಯಜಮಾನರು.

ಸಾಹೇಬರು ಅದಕ್ಕೆಂದೇ ಕೋಣೆ ಕಟ್ಟಿಸಿದ್ದರು. ಮೂರು ಕಡೆ ಮೊಳ ದಪ್ಪದ ಗೋಡೆ, ಪಕ್ಕಕ್ಕೊಂದು ಕಬ್ಬಿಣದ ಬಾಗಿಲು, ಮುಂದೆ ತಂತಿ ಹೋಗಲು ಕಿಂಡಿ, ಹಿಂದೆ ಮಾತ್ರ ನಾಲ್ಕೇ ಮೊಳೆಯ ಮೇಲೆ ನಿಂತ ತೆಳು ಹಲಗೆ. ಕಿಂಡಿಯಿಂದ ನುಗ್ಗಿದ ಸಿಡಿತದ ಒತ್ತಡ ಹಲಗೆಯನ್ನು ಕಿತ್ತುಕೊಂಡು ಹೊರಗೆ ಹೋಗಬೇಕು, ಮೆಷಿನ್ ಬದುಕಬೇಕು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಬೆಳಿಗ್ಗೆ ಸ್ಟೋರಿನ ಅಕ್ಕ ಬಂದು ಹಲಗೆಯನ್ನು ಬೆರಳಿನಿಂದ ತಳ್ಳಿ ನೋಡಿದರು. "ಅಯ್ಯೋ, ಇದೇನ್ರೀ, ಹಪ್ಪಳ ಇದ್ದ ಹಾಗಿದೆ!" ಎಂದು ಹಿಡಿ ಮೊಳೆ ತಂದರು. ಸಾಹೇಬರು ಕಿತ್ತುಕೊಂಡರು. ಲಾರಿ ಡ್ರೈವರ್ ಒಂದು ದಿಮ್ಮಿ ಆನಿಸಿದ. ಸಾಹೇಬರು ಒದ್ದು ಬೀಳಿಸಿ, ಹೆಬ್ಬೆರಳು ಹಿಡಿದುಕೊಂಡು ಕುಣಿದರು.

"ಅದು ಹಾಗೇ ಇರ್ಬೇಕು! ಯಾಕೇಂತ ಹೇಳಿದ್ರೂ ನಿಮ್ಮ ತಲೆಗೆ ಹತ್ತಲ್ಲ!" ಎಂದು ಕೂಗಾಡಿ, ಕುಂಟುತ್ತ ಸೈರನ್ ಊದಿಸಲು ಹೋದರು. ಅಲ್ಪನಿಗೆ ಐಶ್ವರ್ಯ ಬಂದರೆ ಇನ್ನೇನಾಗುತ್ತದೆ, ಎಂದುಕೊಂಡರು ನೋಡಿದವರು.

ಢಮಾರ್! ಧೂಳು ಇಳಿದಾಗ ಹಲಗೆ ಹಾರಿಹೋಗಿತ್ತು, ಗೋಡೆಗಳಲ್ಲಿ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಸಾಹೇಬರಿಗೆ ಸ್ವರ್ಗಕ್ಕೆ ಮೂರೇ ಗೇಣು. ಯಜಮಾನರ ಕೈ ಹಿಡಿದು ಎಳೆದುಕೊಂಡೇ ಒಳಗೆ ಹೋದರು.

ಕೋಣೆ ಖಾಲಿ.

"ಗಾಬರಿಯಾಗ್ಬೇಡಿ," ಅಕ್ಕನ ಮುಖ ಅರಳಿತ್ತು. "ಆ ಹಲಗೆ ನಂಬೋ ಹಾಗಿರಲಿಲ್ಲ. ಪಾಪ, ನಿಮ್ಮ ಲೋಟ ತಪ್ಪಲಿ ಅಂತ ನಾನೂ ಡ್ರೈವರೂ ಸೇರಿ ಮೆಷಿನ್ ಹೊರಗೆ ಸಾಗಿಸಿಬಿಟ್ವಿ."

"ಎಲ್ಲಿಗೆ?"

"ಇಲ್ಲೇ, ಕೋಣೆ ಹಿಂದೆ. ಹಲಗೆಗೆ ಒತ್ತಿ ಇಟ್ವಿ, ಮರೆ ಇರುತ್ತಲ್ಲಾ!"

ಹಿಂದೆ ಹಲಗೆಯ ಅಡಿಯಲ್ಲಿ ಮೆಷಿನ್ ಚಪಾತಿಯಾಗಿತ್ತು. ಸಾಹೇಬರಿಗೆ ಅಳುವೇ ಬಂತು.

ಯಜಮಾನರು ಮಾತ್ರ ಗೋಡೆ ತಟ್ಟಿ ತಟ್ಟಿ ಮೆಚ್ಚಿದರು. "ಭೇಷ್! ಕೋಣೆ ಅಂದ್ರೆ ಹೀಗಿರ್ಬೇಕು. ಇನ್ಮೇಲೆ ಬಿಸಿಲಲ್ಲಿ ಕೂರಬೇಡ ಕಣಯ್ಯಾ. ಇದರೊಳಗೇ ಕೂತ್ಕೋ."

ಸಂಜೆಯ ಹೊತ್ತಿಗೆ ಹಲಗೆ ಮತ್ತೆ ಎದ್ದು ನಿಂತಿತ್ತು, ಸಿಡಿತಕ್ಕೆ ಸೈರನ್ ಕೂಗಿತು. ಲೋಟ ಹಿಡಿದು ಒಳಗೆ ಕೂತ ಸಾಹೇಬರಿಗೆ ಬೆನ್ನ ಹಿಂದಿನಿಂದ ಅಕ್ಕನ ದನಿ ಕೇಳಿಸಿತು.

"ಸಾಹೇಬ್ರೇ, ನಿಶ್ಚಿಂತೆಯಾಗಿರಿ! ಈ ಸಲ ಹಲಗೆಗೆ ಸ್ಟೋರಲ್ಲಿದ್ದ ಮೊಳೆಯೆಲ್ಲ ಹೊಡೆಸಿದ್ದೀನಿ!"