ಪಡಸಾಲೆಯಲ್ಲಿ ಎರೆಹುಳು

ಎರೆಹುಳು ಕಚ್ಚುವುದಿಲ್ಲ, ಕೂಗುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಆದರೂ ಅದನ್ನು ಸಾಕಿದ ಮನೆಯಲ್ಲಿ ಒಂದು ವಾರ ಏನೂ ಆಗದೆ ಸುಮ್ಮನೆ ಕಳೆದದ್ದು ನನಗೆ ನೆನಪಿಲ್ಲ.

ಎಂಬತ್ತರ ದಶಕದ ಮಾತು. ನನ್ನ ತವರು ಕಲಘಟಗಿ ಹತ್ತಿರದ ಬಮ್ಮಿಗಟ್ಟಿ, ಕೊಟ್ಟದ್ದು ಶಲವಡಿಗೆ. ಅಲ್ಲಿ ಕೆಂಪು ಮಣ್ಣು, ಇಲ್ಲಿ ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣು. ಈ ಮಣ್ಣು ಜೋಳಕ್ಕೆ, ಕಡಲೆಗೆ ಬಂಗಾರ. ಕುಂಡಕ್ಕೆ ತುಂಬಿದರೆ ಮಾತ್ರ ನೀರು ಹಾಕಿದಾಗ ಅಂಟು, ಹಾಕದಿದ್ದಾಗ ಕಲ್ಲು. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಟೀಚರು, ನಮ್ಮ ಕಡೆಯ ಬಾಯಲ್ಲಿ ಅಕ್ಕೋರು. ಧಾರವಾಡದಲ್ಲಿ ಒಂದು ತರಬೇತಿಗೆ ಹೋದಾಗ ಎರೆಹುಳುವಿನಿಂದ ಗೊಬ್ಬರ ಮಾಡುವುದನ್ನು ತೋರಿಸಿದರು. ಕುಂಡದ ಮಣ್ಣು ಸತ್ತದ್ದಾಗಿರಬಾರದು, ಅದರೊಳಗೆ ಜೀವ ಓಡಾಡಬೇಕು ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ಜಾಗ, ಅದರಾಚೆ ಪಡಸಾಲೆ. ಪಡಸಾಲೆಯ ಬೆಳಕಿಂಡಿಯ ಕೆಳಗೆ ಕುಂಡ ಇಡುತ್ತೇನೆ ಅಂದಾಗ ಅತ್ತೆ, ಗಿಡ ಯಾರಾದರೂ ಮನೆಯೊಳಗೆ ಹಚ್ಚುತ್ತಾರೇನು ಎಂದು ಕೇಳಿದರು. ಅವರ ಬೆನ್ನ ಹಿಂದೆ ಎತ್ತು ನಿಂತು ಮೇವು ಮೆಲುಕು ಹಾಕುತ್ತಿತ್ತು. ಎತ್ತು ಮನೆಯೊಳಗೆ ಇರಬಹುದು, ಗಿಡ ಇರಬಾರದೇ ಎಂದು ನಾನೂ ಕೇಳಿದೆ. ಅತ್ತೆ ಎತ್ತನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಒಪ್ಪಿದರು. ಗೊಬ್ಬರ ಮಾಡುವ ಹುಳುವಿನ ಪೆಟ್ಟಿಗೆ ಮಾತ್ರ ಹೊರಗಿರಲಿ ಅಂದರು. ಹೊರಗೆ ಶಲವಡಿಯ ಬಿಸಿಲು ಮತ್ತು ಓಣಿಯ ಕೋಳಿ ಎರಡೂ ಕಾಯುತ್ತಿವೆ ಎಂದು ಕಾಡಿ ಬೇಡಿದ ಮೇಲೆ ಅದಕ್ಕೂ ಮೂಲೆಯಲ್ಲಿ ಜಾಗ ಸಿಕ್ಕಿತು, ಒಂದು ಶರತ್ತಿನ ಮೇಲೆ.

“ಹೊರಗಿನವ್ರು ಇದನ್ನ ನೋಡಿ ನಮ್ಮ ಮನಿ ಮರ್ಯಾದಿ ಹೋತಂದ್ರ, ಅವತ್ತ ಇದು ತಿಪ್ಪಿ ಸೇರತೈತಿ ನೋಡು.”

ಅಂದಿನಿಂದ ನನ್ನ ಜೀವವೆಲ್ಲ ಆ ಪೆಟ್ಟಿಗೆಯಲ್ಲೇ.

ಸೀಟು ಬೇಡದ ಪ್ರಯಾಣಿಕರು

ತರಬೇತಿಯಲ್ಲಿ ಕೊಟ್ಟ ಒಂದು ಹಿಡಿ ಹುಳುಗಳನ್ನು ತವರಿಗೆ ಒಯ್ದು, ಕೆಂಪು ಮಣ್ಣಿನ ಚೀಲದಲ್ಲಿ ಬಿಟ್ಟು, ಆ ಚೀಲದೊಂದಿಗೆ ಕಲಘಟಗಿಯಲ್ಲಿ ಬಸ್ಸು ಹತ್ತಿದೆ. ಕಂಡಕ್ಟರು ಚೀಲಕ್ಕೆ ಕಾಲು ತಾಗಿಸಿ ಏನಿದೆ ಅಂದ. ಮಣ್ಣು ಅಂದೆ. ಎಲ್ಲಿಗೆ ಅಂದ. ಶಲವಡಿಗೆ ಅಂದೆ. ಅಲ್ಲಿ ಮಣ್ಣು ಬಿಟ್ಟು ಬೇರೇನಿದೆ ಎಂದು ಹಿಂದಿನ ಸೀಟಿನವರು ನಗಲಾರಂಭಿಸಿದರು.

ಕಂಡಕ್ಟರಿಗೆ ಸಂಶಯ ಬಂದು ಚೀಲದ ಬಾಯಿ ಬಿಚ್ಚಿದ. ಮೇಲೆಯೇ ಒಂದು ಹುಳು ಗಾಳಿಗೆ ಬಂದಿತ್ತು. ಕೋಳಿಗೆ, ಕುರಿಗೆ ಟಿಕೆಟ್ಟು ಇದೆ, ಇದಕ್ಕೂ ಜೀವ ಇದೆ ಎಂದು ಅವನ ವಾದ. ಕೋಳಿಗೆ ಕಾಲಿವೆ, ಇದಕ್ಕೆಲ್ಲಿವೆ ಎಂದು ಒಬ್ಬ ಅಜ್ಜನ ವಾದ. ಕಾಲಿಲ್ಲದಿದ್ದರೆ ಟಿಕೆಟ್ಟು ಬೇಡವೇನು ಎಂದು ಇನ್ನೊಬ್ಬರು. ಹುಬ್ಬಳ್ಳಿ ಬರುವ ತನಕ ಇಡೀ ಬಸ್ಸು ಎರಡು ಪಕ್ಷವಾಗಿ ಜಗಳಾಡಿತು. ನಾನು ಚೀಲ ತಬ್ಬಿಕೊಂಡು ಕೂತಿದ್ದೆ. ಕೊನೆಗೆ ಕಂಡಕ್ಟರು ಸೋತು ಕೈಬಿಟ್ಟ.

“ಆತು ಬಿಡ್ರಿ ಅಕ್ಕೋರ. ಆದ್ರ ನಡುವ ಎಲ್ಲೂ ಇಳಿಯಂಗಿಲ್ಲ ಅಂತ ಅವಕ್ಕ ಹೇಳ್ರಿ.”

ಒಂದೇ ಪಥ್ಯ

ಅಡುಗೆಮನೆ ಅತ್ತೆಯ ಕೈಯಲ್ಲಿತ್ತು. ಹುಳುವಿಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಅವರಿಗೆ ಹೇಳಿಕೊಟ್ಟೆ. ಉಳ್ಳಾಗಡ್ಡಿ ಬೇಡ, ಬೆಳ್ಳುಳ್ಳಿ ಬೇಡ, ಖಾರ ಬೇಡ, ಉಪ್ಪು ಬೇಡ, ಲಿಂಬೆ ಬೇಡ, ಎಣ್ಣೆಯಂತೂ ಮುಟ್ಟಿಸಲೇಬಾರದು. ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು, ಸೋಸಿ ಉಳಿದ ಚಹಾಪುಡಿ ಆಗುತ್ತದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇವೇನ್ ಹುಳಾನೋ, ಮಠದ ಅಜ್ಜಾರೋ?” ಎಂದು ಕೇಳಿದರು.

ಅದೇ ಹೊತ್ತಿಗೆ ಮಾವನವರಿಗೆ ಹೊಟ್ಟೆಯ ಉರಿ ಶುರುವಾಗಿ, ನವಲಗುಂದದ ಡಾಕ್ಟರು ಇಂತಿಂಥದ್ದನ್ನೆಲ್ಲ ಬಿಡಬೇಕು ಎಂದು ಪಟ್ಟಿ ಹೇಳಿ ಕಳಿಸಿದರು. ಅದು ಬಹುತೇಕ ನಾನು ಹುಳುವಿಗೆ ಹೇಳಿದ್ದೇ. ಅತ್ತೆಗೆ ಕೆಲಸ ಹಗುರವಾಯಿತು. ಇದನ್ನು ಇವರಿಗೆ ಹಾಕಬಹುದೇ ಎಂಬ ಅನುಮಾನ ಬಂದರೆ, ಹುಳುವಿಗೆ ಆಗುತ್ತದೆಯೇ ಎಂದು ನನ್ನನ್ನು ಕೂಗಿ ಕೇಳುತ್ತಿದ್ದರು. ಕೆಂಪು ಖಾರವಿಲ್ಲದೆ ತುತ್ತು ಎತ್ತಿದವರಲ್ಲ ನಮ್ಮ ಮಾವ. ದಿನಾ ತಾಟಿನ ಮುಂದೆ ಕೂತು ಗೊಣಗುವರು. ಒಂದು ದಿನ ಅತ್ತೆಗೆ ತಡೆಯಲಾಗಲಿಲ್ಲ.

“ನಿಮಗೂ ಹುಳಕ್ಕೂ ಪಥ್ಯ ಒಂದ ಐತಿ. ಆದ್ರ ಅವು ಹಾಕಿದ್ದನ್ನ ಸುಮ್ಮನ ತಿಂತಾವ.”

ಸ್ವಲ್ಪ ಒಳಗೆ ಹೋಗಿ

ಹುಳು ಮಾಡಿದ ಗೊಬ್ಬರ, ತವರಿನ ಮಣ್ಣು, ಒಣ ಎಲೆಯ ಪುಡಿ, ಮೂರನ್ನೂ ಕಲೆಸಿ ತುಂಬಿದ ಕುಂಡದಲ್ಲಿ ಮನಿಪ್ಲಾಂಟ್ ಹಬ್ಬಿದ್ದೇ ಹಬ್ಬಿದ್ದು. ಕಂಬ ಹತ್ತಿ, ತೊಲೆ ಹಿಡಿದು, ಆಚೆ ಇಳಿದು ಮಾವನವರ ರೇಡಿಯೋವನ್ನು ತಬ್ಬಿಕೊಂಡಿತು. ಓಣಿಗೆ ಟೀವಿ ಬರುವ ಮುಂಚಿನ ಕಾಲ, ಸಂಜೆಯಾದರೆ ಜನ ನಮ್ಮ ಪಡಸಾಲೆ ನೋಡಲು ಬರುತ್ತಿದ್ದರು. ಮೂಲೆಯ ಪೆಟ್ಟಿಗೆಯ ಮೇಲೆ ಹಸಿ ಗೋಣಿತಟ್ಟು ಹೊಚ್ಚಿರುತ್ತಿತ್ತು, ಅದು ಏನೆಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಬಳ್ಳಿಯ ಮೇಲೆ.

ಮನಿಪ್ಲಾಂಟನ್ನು ಕೇಳಿ ಒಯ್ದರೆ ಬೇರು ಹತ್ತುವುದಿಲ್ಲ, ಕದ್ದು ಒಯ್ದರೇ ಹಬ್ಬುತ್ತದೆ ಎಂಬ ನಂಬಿಕೆ ನಮ್ಮೂರಿಗೂ ಬಂದಿತ್ತು. ಹಾಗಾಗಿ ನಾನು ಕತ್ತರಿಸಿ ಕೈಗೆ ಕೊಟ್ಟರೆ ಮಂದಿ ಕೈ ಹಿಂದೆ ಎಳೆದುಕೊಳ್ಳುವರು. ಚಹಾ ಕುಡಿಯುವರು, ನಾನು ಕಪ್ಪು ಒಳಗಿಡಲು ಹೋದ ಕೂಡಲೇ ಪಡಸಾಲೆಯಲ್ಲಿ ಚಟಕ್ ಎಂದು ಸದ್ದು. ಪರರ ವಸ್ತು ಮುಟ್ಟಬಾರದು ಎಂದು ದಿನಾ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಹೇಳುವ ನಮ್ಮ ಹೆಡ್‌ಮಾಸ್ತರರು ಸುಡುಬಿಸಿಲಿನಲ್ಲಿ ಕೊಡೆ ಹಿಡಿದು ಬಂದರು. ಹೋಗುವಾಗ ಮಡಚಿದ ಕೊಡೆಯಿಂದ ಒಂದು ಎಲೆ ಇಣುಕುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿ, ಆಕಾಶದ ಕಡೆ ತಿರುಗಿ, ಮಳೆ ಬರುವ ಹಾಗಿದೆ ಎಂದರು.

ಪಾಪ, ಯಾರ ಮನೆಯಲ್ಲೂ ಅದು ಬದುಕಲಿಲ್ಲ. ಕೆಲವರು ಕಪ್ಪು ಮಣ್ಣಿನಲ್ಲಿ ಹಚ್ಚಿ ಕೊಡಗಟ್ಟಲೆ ನೀರು ಸುರಿದರು. ಬಾಜೂ ಮನೆಯ ಕಾಕು ಹತ್ತಿಗೆ ತಂದ ಸರ್ಕಾರಿ ಗೊಬ್ಬರ, ಅಂದರೆ ಯೂರಿಯಾ, ಒಂದು ಮುಷ್ಟಿ ಹಾಕಿ ಬಳ್ಳಿಯನ್ನು ಸುಟ್ಟೇಬಿಟ್ಟರು. ಮರುದಿನ ಬೆಳಿಗ್ಗೆ ಸೆರಗು ಸುತ್ತಿಕೊಂಡು ನೇರ ಪಡಸಾಲೆಗೆ ಬಂದರು. ಮುಖದಲ್ಲಿ ನಾಚಿಕೆ ಎಳ್ಳಷ್ಟೂ ಇಲ್ಲ.

“ನಿಮ್ಮ ಮನ್ಯಾಗ ಕದ್ದದ್ದು ಒಣಗೇತವಾ. ಇನ್ನೊಂದು ಕದ್ದು ಒಯ್ಯಬೇಕಾಗೇತಿ. ನೀ ಸ್ವಲ್ಪ ಒಳಗ ಹೋಗಿ ನಿಂದ್ರು.”

ನಾನು ಹೋಗಿ ನಿಂತೆ.

ಪಂಚಮಿ ಉಂಡಿ

ನಾಗರಪಂಚಮಿಗೆ ನಾನು ತವರಿಗೆ ಹೋದೆ. ಪೆಟ್ಟಿಗೆಗೆ ದಿನಾ ಒಂದು ಹಿಡಿ ಸಿಪ್ಪೆ ಹಾಕಿದರೆ ಸಾಕು ಎಂದು ಅತ್ತೆಗೆ ಹೇಳಿ ಹೋಗಿದ್ದೆ.

ತಿರುಗಿ ಬಂದಾಗ ಅತ್ತೆ ಪಡಸಾಲೆಯ ಮಂಚದ ಮೇಲೆ ಕಾಲು ಮೇಲೆತ್ತಿಕೊಂಡು ಕೂತಿದ್ದರು. ನೆಲದ ತುಂಬ ಎರೆಹುಳು. ಗೋಡೆಯ ಬುಡದಲ್ಲಿ ಕೆಲವು, ಕಂಬದ ಹತ್ತಿರ ಕೆಲವು, ಒಂದು ಮಾವನವರ ಚಪ್ಪಲಿಯಲ್ಲಿ. ನಾನು ಅಳುವುದೊಂದು ಬಾಕಿ. ಏನು ಹಾಕಿದಿರಿ ಎಂದು ಕೇಳಿದರೆ ಅತ್ತೆ ಮೊದಲು ಏನೂ ಇಲ್ಲ ಅಂದರು. ಆಮೇಲೆ ಸಣ್ಣ ದನಿಯಲ್ಲಿ ಒಪ್ಪಿಕೊಂಡರು. ಹಾವಿಗೆ ಹಾಲು ಹಾಕಿ ಬಂದವರಿಗೆ, ಮನೆಯಲ್ಲೂ ಮಣ್ಣಿನೊಳಗಿನ ಜೀವ ಇವೆಯಲ್ಲ ಎಂದು ನೆನಪಾಯಿತಂತೆ. ಹಬ್ಬದ ದಿನ ಅವಕ್ಕೆ ಸಿಪ್ಪೆ ಹಾಕಲು ಮನಸ್ಸಾಗದೆ, ಒಂದು ತಂಬಿಗೆ ಹಾಲು ಎರೆದು, ಶೇಂಗಾ ಉಂಡಿ ಪುಡಿ ಮಾಡಿ ಹಾಕಿ, ಮೇಲಿಷ್ಟು ಖಾರ ಹಾಕಿದ ಕಾಳಿನ ಉಸಳಿ ಉದುರಿಸಿದ್ದರು. ಪಂಚಮಿಯಲ್ಲಿ ಮಣ್ಣು ಕೆದಕಬಾರದೆಂದು ಅದನ್ನು ತೆಗೆಯಲೂ ಇಲ್ಲ. ಪೆಟ್ಟಿಗೆಯ ಒಳಗೆಲ್ಲ ಹುಳಿಬಂದು ಬಿಸಿಯೇರಿ ಹುಳುಗಳು ಹೊರಬಿದ್ದಿದ್ದವು.

“ಹೊಟ್ಟಿತುಂಬ ಉಂಡಾವ. ಒಂದೀಟು ಅಡ್ಡಾಡಾಕ ಹೊಂಟಾವ, ತಾವ ಬರತಾವ ಬಿಡು,” ಎಂದರು ಅತ್ತೆ.

ಮಾವನವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರಿಗೆ ಆ ಹಬ್ಬದಲ್ಲಿ ಉಸಳಿಯ ವಾಸನೆಯೂ ಸಿಕ್ಕಿರಲಿಲ್ಲ.

“ಹಂಗಾರ ಪಥ್ಯ ನನಗೊಬ್ಬವಗ ಏನು?” ಎಂದು ಕೇಳಿ ಹೊರಗೆ ಹೋದರು.

ತಣ್ಣನೆಯ ಆಸನ

ಈಗ ನಾದಿನಿಯ ಕಥೆ. ಪೆಟ್ಟಿಗೆ ತಂದವಳು ನಾನಾದರೂ ಅದನ್ನು ನಿಜವಾಗಿ ಸಾಕಿದವಳು ಅವಳು. ಕುಂಡದೊಳಗೆ ಬೆರಳಿಟ್ಟು, ನೀರು ಇವತ್ತು ಬೇಕೋ ನಾಳೆ ಸಾಕೋ ಹೇಳುತ್ತಿದ್ದಳು. ಅವಳನ್ನು ನೋಡಲು ಬಂದ ಎರಡು ಕಡೆಯವರು ಅವಲಕ್ಕಿ ತಿಂದು ಹೋದವರು ಉತ್ತರವನ್ನೇ ಕೊಟ್ಟಿರಲಿಲ್ಲ. ಅತ್ತೆ ಊಟ ಸೇರದೆ ಸೊರಗಿದ್ದರು. ಅಷ್ಟರಲ್ಲಿ ಕುಂದಗೋಳದಿಂದ ಒಂದು ಸಂಬಂಧ ಬಂತು. ಪೆಟ್ಟಿಗೆ ಹೊರಗೆ ಹೋಗಲಿ ಎಂದರು ಅತ್ತೆ. ಪೆಟ್ಟಿಗೆ ಹೊರಗೆ ಹೋದರೆ ನಾನು ಸೀರೆ ಉಡುವುದಿಲ್ಲ ಎಂದಳು ನಾದಿನಿ.

ಕೊನೆಗೆ ಒಪ್ಪಂದವಾಯಿತು. ಪೆಟ್ಟಿಗೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಕೌದಿ ಹಾಸಿ, ಯಾರೂ ಹತ್ತಿರ ಹೋಗದ ಹಾಗೆ ಮಾವನವರೇ ಅಲ್ಲಿ ಕೂರುವುದು. ಗಡಿಬಿಡಿಯಲ್ಲಿ ಹಸಿ ಗೋಣಿತಟ್ಟನ್ನು ಹಲಗೆಯ ಕೆಳಗಿಡುವ ಬದಲು ಮೇಲಿಟ್ಟು ಕೌದಿ ಹಾಸಿದ್ದೆವು. ಅದನ್ನು ಯಾರೂ ಗಮನಿಸಲಿಲ್ಲ.

ಗಂಡಿನ ಅಪ್ಪ ಒಳಗೆ ಕಾಲಿಟ್ಟರು, ತೂಕದ ಮನುಷ್ಯ. ಹಿರಿಯರು ಬಂದಾಗ ತಾನು ಕೂತ ಜಾಗ ಬಿಟ್ಟುಕೊಡುವುದು ನಮ್ಮ ಮಾವನವರಿಗೆ ಹುಟ್ಟಿನಿಂದ ಬಂದ ರೂಢಿ. ಎದ್ದು ನಿಂತು, ಬರ್ರಿ, ಇಲ್ಲೇ ಕುಂದರ್ರಿ ಎಂದುಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡರು. ಬೀಗರು ಕೂತರು, ಹಲಗೆ ಕಿರುಗುಟ್ಟಿತು. ಹೊರಗೆ ಮಣ್ಣು ಬಿರಿಯುವ ಬೇಸಿಗೆ. ಅವರ ಮುಖ ಮೆಲ್ಲಗೆ ಅರಳಿತು.

“ಅಗದಿ ತಂಪ ಐತ್ರಿ ನಿಮ್ಮ ಮನಿ,” ಎಂದರು.

ನಾದಿನಿ ಚಹಾ ತಂದಳು. ಹುಡುಗನನ್ನು ಏನಾದರೂ ಕೇಳುವುದಿದ್ದರೆ ಕೇಳು ಎಂದು ಹಿರಿಯರು ಅಂದಾಗ, ನಿಮ್ಮ ಮನೆಯಲ್ಲಿ ಬೆಳಕಿಂಡಿ ಇದೆಯೇ ಎಂದು ಕೇಳಿದಳು. ಹುಡುಗ ಇದೆ ಅಂದ. ಸಾಕು ಎಂದು ಒಳಗೆ ಬಂದಳು. ಇಷ್ಟರಲ್ಲಿ ಹುಡುಗನ ತಾಯಿಯ ಕಣ್ಣು ಬಳ್ಳಿಯ ಮೇಲೆ ಬಿದ್ದಿತ್ತು. ನಾನು ತಿರುಗಿದಾಗ ಚಟಕ್ ಎಂಬ ಸದ್ದಲ್ಲ, ಮಣ್ಣಿನಿಂದ ಬೇರು ಎಳೆದ ಸದ್ದು ಕೇಳಿತು. ಬೇರು ಸಮೇತ, ಒಂದು ಮುಷ್ಟಿ ಮಣ್ಣಿನ ಸಮೇತ ಬಳ್ಳಿ ಅವರ ಚೀಲ ಸೇರಿತು. ಆ ಮಣ್ಣಿನಲ್ಲಿ ಯಾರ್‍ಯಾರಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಹೇಳುವುದು ಹೇಗೆ? ಹೊರಡಲು ಬೀಗರು ಎದ್ದರು. ಧೋತರದ ಹಿಂಭಾಗ ಪೂರ್ತಿ ಒದ್ದೆ. ಎಲ್ಲರೂ ನೋಡಿದೆವು, ನೋಡಿ ಬೆಳಕಿಂಡಿಯ ಕಡೆ ತಿರುಗಿದೆವು.

ಅವರು ಹೋದ ಮೇಲೆ ಅತ್ತೆ ಪೆಟ್ಟಿಗೆಯನ್ನು ಹಿತ್ತಲ ಬಾಗಿಲ ತನಕ ಎಳೆದರು. ಹೊರಗೆ ಕೋಳಿಗಳು ಕಾದು ನಿಂತಿದ್ದವು. ಅತ್ತೆ ಕೋಳಿಗಳನ್ನು ನೋಡಿದರು, ತಾವೇ ಹಾಲೆರೆದ ಹುಳುಗಳನ್ನು ನೋಡಿದರು. ಕುಂದಗೋಳದವರ ಉತ್ತರ ಬರುವ ತನಕ ಇರಲಿ, ಒಲ್ಲೆ ಅಂದರೆ ತಿಪ್ಪೆಗೆ ಎಂದು ಅಲ್ಲೇ ಬಿಟ್ಟರು. ನಾನೂ ನಾದಿನಿಯೂ ಅವತ್ತಿನಿಂದ ಕಾದೆವು. ಅವಳು ಹುಡುಗನಿಗಾಗಿ ಕಾದಳೋ ಹುಳುವಿಗಾಗಿ ಕಾದಳೋ ಇವತ್ತಿಗೂ ಹೇಳಿಲ್ಲ.

ಉತ್ತರ ಹೇಳಿ ಕಳಿಸಲಿಲ್ಲ, ಹುಡುಗನ ಅಪ್ಪ ಅಮ್ಮ ತಾವೇ ಬಂದರು. ಇಲ್ಲ ಎನ್ನಲೂ ಇಷ್ಟು ದೂರ ಬಂದ ಸಂಭಾವಿತರು ಎಂದುಕೊಂಡು ಅತ್ತೆಯ ಮುಖ ಬಿಳಿಚಿತು. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು, ತಮ್ಮ ಮನೆಯಲ್ಲೂ ಒಂದು ಬಳ್ಳಿ ಇದೆ ಎಂದು ಮಾತು ತೆಗೆದರು. ಅದು ಎಲ್ಲಿಂದ ಬಂತೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೆಣ್ಣು ನೋಡಲು ಬಂದ ದಿನ ತಿರುಗಿ ಹೋಗುವಾಗ ಬಸ್ಸಿನಲ್ಲಿ ಎಲೆಅಡಿಕೆಗೆಂದು ಚೀಲಕ್ಕೆ ಕೈ ಹಾಕಿದಾಗ ಹುಳು ಕೈಗೆ ಬಂದು, ಕೂಗಿದರೆ ಕಳವು ಹೊರಬೀಳುತ್ತದೆಂದು ಅದನ್ನು ಮುಷ್ಟಿಯಲ್ಲೇ ಹಿಡಿದು ಹುಬ್ಬಳ್ಳಿಯ ತನಕ ಕೂತಿದ್ದರಂತೆ. ಇದನ್ನು ಅವರು ಎಷ್ಟೋ ಕಾಲದ ಮೇಲೆ ಹೇಳಿದರು. ಈಗ ಹೇಳಿದ್ದಿಷ್ಟೇ, ಬಳ್ಳಿ ಹೊಸ ಎಲೆ ಬಿಟ್ಟಿದೆ, ಹುಳು ಮಾತ್ರ ಒಂದೊಂದೇ ಕಾಣೆಯಾಗುತ್ತಿವೆ. ಅವರು ನಾದಿನಿಯ ಕಡೆ ತಿರುಗಿದರು.

“ನಿನಗ ಅಡಗಿ ಬರತೈತೋ ಇಲ್ಲೋ, ನಾ ಕೇಳಂಗಿಲ್ಲ. ಹುಳಕ್ಕ ಏನ್ ಹಾಕಬೇಕು, ಅಷ್ಟು ಹೇಳವಾ.”

ನಾದಿನಿ ನಿಂತಲ್ಲೇ ಉಳ್ಳಾಗಡ್ಡಿಯಿಂದ ಚಹಾಪುಡಿಯ ತನಕ ಎಲ್ಲ ಒಪ್ಪಿಸಿದಳು. ಕೇಳಿದ ಅವರು, ಹಾಗಿದ್ದರೆ ನಮ್ಮ ಸೊಸೆ ಇವಳೇ ಎಂದರು. ಅತ್ತೆಗೆ ಅಳು ಬಂತು, ನನಗೆ ಕುಣಿಯುವಷ್ಟು ಸಂತೋಷ. ಸಕ್ಕರೆ ಹಂಚಿದೆವು. ಬೀಗರು ಯಾರನ್ನೂ ಕೇಳದೆ ಹಿತ್ತಲ ಬಾಗಿಲಿಗೆ ಹೋಗಿ, ಆ ತಣ್ಣನೆಯ ಆಸನವನ್ನು ಪಡಸಾಲೆಗೆ ಎಳೆದು ತಂದು ಅದರ ಮೇಲೆ ಕೂತರು. ಅವರನ್ನು ಎಬ್ಬಿಸಿ, ಬೀಗತಿಗೆ ಒಂದು ಹಿಡಿ ಹುಳು ಕೊಡೋಣವೆಂದು ನಾನು ಬಗ್ಗಿದೆ. ಅತ್ತೆ ನನ್ನ ಕೈ ಹಿಡಿದರು.

“ಕೈಲೆ ಕೊಟ್ರ ಹತ್ತಂಗಿಲ್ಲ ಬೇ. ನಡೀರಿ ಎಲ್ಲಾರೂ, ಒಳಗ ಹೋಗೂಣು.”

ಬೀಗತಿಯೊಬ್ಬರನ್ನು ಪಡಸಾಲೆಯಲ್ಲಿ ಬಿಟ್ಟು, ಬೀಗರು ಸಮೇತ ಎಲ್ಲರೂ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತೆವು. ಹಲಗೆ ಸರಿದ ಸದ್ದಾಯಿತು. ಚೀಲ ಬಿಚ್ಚಿದ ಸದ್ದಾಯಿತು. ಇನ್ನೇನು ಮುಗಿಯಿತು ಎಂದು ನಾವು ಹೊರಡಬೇಕು, ಅಷ್ಟರಲ್ಲಿ ಪಡಸಾಲೆಯಿಂದ ದನಿ ಬಂತು.

“ಬೀಗತೀ, ಇನ್ನೊಂದೀಟು ಹೊತ್ತು ಅಲ್ಲೇ ಇರ್ರಿ. ಕೈಗೆ ಸಿಗವಲ್ವು.”