ಬೆಳೆಯುವ ಕಾಲಿಗೆ ಆರನೇ ನಂಬರು

ಶಾಲೆಯ ಶೂ ಒಂದು ಜೊತೆಗೆ ಆರುನೂರು. ಆರನೇ ನಂಬರಿನದಾದರೆ ಅದೇ ಶೂ ಮುನ್ನೂರು. ಅಷ್ಟು ದೊಡ್ಡ ಪಾದದ ಮಕ್ಕಳು ಆ ಶಾಲೆಯಲ್ಲಿರಲಿಲ್ಲ. ತೊಲಗಿದರೆ ಸಾಕೆಂದು ಅಂಗಡಿಯವನು ಬೆಲೆ ಇಳಿಸಿದ್ದ. ಮಗಳ ಕಾಲು ಮೂರನೇ ನಂಬರು, ವರ್ಷಕ್ಕೊಂದು ನಂಬರು ಬೆಳೆಯುವ ಕಾಲು. ಈಗ ಮುನ್ನೂರು ಕೊಟ್ಟರೆ ಮುಂದಿನ ಮೂರು ವರ್ಷ ಶೂ ಅಂಗಡಿಯ ಮೆಟ್ಟಿಲು ಹತ್ತಬೇಕಾಗಿಲ್ಲ.

ಹೀಗೆ ಲೆಕ್ಕ ಹಾಕಿದವನು ದರ್ಜಿ. ಮಕ್ಕಳ ಬಟ್ಟೆ ಹೊಲಿಯುವಾಗಲೆಲ್ಲ ಒಳಗೆ ನಾಲ್ಕು ಬೆರಳು ಮಡಿಕೆ ಬಿಡುವುದು ಅವನ ಅಭ್ಯಾಸ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿದರಾಯಿತು. ಅಂಗಿಗೆ ಆಗುವುದು ಶೂಗೆ ಯಾಕಾಗಬಾರದು?

ಅಂದು ಸಂಜೆ ಶಾಲೆಯಲ್ಲಿ ಓಟದ ಪಂದ್ಯ. ಮಗಳು ಎಷ್ಟೋ ದಿನದಿಂದ ಅದಕ್ಕೇ ಕಾದಿದ್ದಳು. ಹಳೆಯ ಶೂವಿನಿಂದ ಹೆಬ್ಬೆರಳು ಹೊರಗಿಣುಕುತ್ತಿತ್ತು. ಸರಿಯಾದ ಶೂ ಇಲ್ಲದವರನ್ನು ಗೆರೆಯ ಮೇಲೆ ನಿಲ್ಲಿಸುವುದಿಲ್ಲ ಎಂದು ಡ್ರಿಲ್ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಹೊಸ ಶೂವಿನೊಳಗೆ ಕಾಲಿಟ್ಟ ಮಗಳು, "ಅಪ್ಪಾ, ಇದು ಶೂ ಅಲ್ಲ, ದೋಣಿ!" ಅಂದಳು.

"ಸುಮ್ನಿರು ಪುಟ್ಟಿ. ಒಳಗೆ ಮೆತ್ತೆ ಇಟ್ಕೊಡ್ತೀನಿ. ವರ್ಷಕ್ಕೊಂದು ಪದರ ತೆಗೆದ್ರಾಯ್ತು."

ದರ್ಜಿ ಹತ್ತಿ ತುಂಬಿ ಮೆತ್ತೆ ಹೊಲಿಯತೊಡಗಿದ. ಪಕ್ಕದ ಅಂಗಡಿಯ ಇಸ್ತ್ರಿಯವನು ಇಣುಕಿದ. "ಮುಂದುಗಡೆ ಮಾತ್ರ ತುಂಬಿದ್ರೆ ಏನ್ ಬಂತಯ್ಯಾ? ಹಿಮ್ಮಡಿಗೂ ಸ್ಪಂಜು ಇಡು."

ಎದುರಿನ ಸೈಕಲ್ ರಿಪೇರಿಯವನು ಕೈಯಲ್ಲಿದ್ದ ಚಕ್ರ ಬಿಟ್ಟು ಓಡಿಬಂದ. "ಸ್ಪಂಜು ಜಾರತ್ತೆ ಕಣೋ! ಹಳೇ ಟ್ಯೂಬ್ ಮಡಚಿ ಹಾಕು. ಹಿಡಿತ ಅಂದ್ರೆ ಅದು!"

ಮಧ್ಯಾಹ್ನದ ಹೊತ್ತಿಗೆ ಶೂವಿನೊಳಗೆ ಎಲ್ಲರ ಸಲಹೆಯೂ ತುಂಬಿ, ಕಾಲಿಗೆ ಮಾತ್ರ ಜಾಗ ಉಳಿದಿರಲಿಲ್ಲ. ಹತ್ತಿ ಸ್ವಲ್ಪ ಕಿತ್ತು, ಟ್ಯೂಬನ್ನು ಇನ್ನಷ್ಟು ಒತ್ತಿ, ಅಂತೂ ಪಾದವನ್ನು ತುರುಕಿದ್ದಾಯಿತು. ಮಗಳು ಕೊಚ್ಚೆಯಲ್ಲಿ ನಡೆಯುವ ಬಾತುಕೋಳಿಯಂತೆ ಹೆಜ್ಜೆಯಿಟ್ಟಳು.

ಊಟದ ಡಬ್ಬಿ ತಂದ ಹೆಂಡತಿ ನೋಡಿ ಹಣೆ ಚಚ್ಚಿಕೊಂಡಳು. "ಏನ್ರೀ ಇದು? ನಿಮ್ಮ ಬುದ್ಧಿಗೂ ಮಡಿಕೆ ಹಾಕಿ ಹೊಲಿದುಬಿಟ್ಟಿದ್ದೀರಾ? ಇವತ್ತು ಅವಳು ಓಡ್ದೇ ಇದ್ರೆ ಮನೇಲಿ ಒಲೆ ಹತ್ತಲ್ಲ, ಹೇಳಿದ್ದೀನಿ."

"ಓಡ್ತಾಳೆ ಕಣೇ," ಅಂದ ದರ್ಜಿ. ದನಿಯಲ್ಲಿ ಮಾತ್ರ ಜೀವವಿರಲಿಲ್ಲ.

ಸಂಜೆ ಡ್ರಿಲ್ ಮೇಷ್ಟ್ರು ಎಲ್ಲರ ಕಾಲು ನೋಡಿದರು. ಶೂ ಇತ್ತು. ಸೀಟಿ ಊದಿದರು. ನಾಲ್ಕು ಹೆಜ್ಜೆಗೆ ಹಿಮ್ಮಡಿಯ ಟ್ಯೂಬು ಕವಣೆಯಂತೆ ಚಿಮ್ಮಿತು. ಎಡಗಾಲಿನ ಶೂ ಹಾರಿ, ಕುರ್ಚಿಯಲ್ಲಿ ಕೂತಿದ್ದ ಹೆಡ್ ಮೇಡಂ ಮಡಿಲಿಗೆ ಬಿತ್ತು. ಮೈದಾನದ ತುದಿ ಹತ್ತಿರವಾಗುವಾಗ ಬಲಗಾಲಿನದೂ ಕಳಚಿ, ಹತ್ತಿ ಉದುರಿಸುತ್ತಾ ಮುಂದೆ ಹಾರಿತು. ದರ್ಜಿ ಕಣ್ಣು ಮುಚ್ಚಿಕೊಂಡ. ಗದ್ದಲ ಕೇಳಿ ಕಣ್ಣು ಬಿಟ್ಟಾಗ ಮಗಳು ಬರಿಗಾಲಲ್ಲಿ ಎಲ್ಲರಿಗಿಂತ ಮುಂದೆ ಗೆರೆ ದಾಟಿ ಕುಣಿಯುತ್ತಿದ್ದಳು.

ಎರಡನೆಯವಳಾಗಿ ಬಂದ ಹುಡುಗಿಯ ಅಪ್ಪ ಕೂಗೆಬ್ಬಿಸಿದ. "ಶೂ ಇಲ್ದೆ ಓಡಿದ್ಲು! ಇದು ಲೆಕ್ಕಕ್ಕಿಲ್ಲ!"

"ಗೆರೆ ಮೇಲೆ ನಿಂತಾಗ ಶೂ ಇತ್ತಲ್ಲ ಸ್ವಾಮಿ," ಅಂದರು ಮೇಷ್ಟ್ರು. "ಅದೂ ಅಲ್ದೆ, ಅವಳಿಗಿಂತ ಮೊದ್ಲು ಗೆರೆ ದಾಟಿದ್ದು ಅವಳ ಶೂನೇ."

ಹೆಡ್ ಮೇಡಂ ಕೂಡ ನಕ್ಕುಬಿಟ್ಟರು. ದರ್ಜಿ ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದ. "ನೋಡಿದ್ಯಾ? ಮುನ್ನೂರೂ ಉಳೀತು, ಮಗಳೂ ಗೆದ್ಲು!"

ಅಷ್ಟರಲ್ಲಿ ಮೇಷ್ಟ್ರು ಬಂದು ಅವನ ಭುಜ ತಟ್ಟಿದರು. "ಮಗಳನ್ನ ಶಾಲೆ ತಂಡಕ್ಕೆ ತಗೊಂಡಿದ್ದೀನಿ. ನಾಳೆಯಿಂದ್ಲೇ ಅಭ್ಯಾಸ. ಓಟದ ಶೂ ಬೇರೆ ಬೇಕು. ಎರಡು ಸಾವಿರ ಆಗತ್ತೆ."

ದರ್ಜಿ ಬೆರಳು ಮಡಚಿ ಲೆಕ್ಕ ಹಾಕಿದ. "ಎರಡು ನಂಬರು ದೊಡ್ಡದು ತಗೊಂಡ್ರೆ ನಡಿಯುತ್ತಾ ಮೇಷ್ಟ್ರೇ?"

"ಒಂದು ನೂಲಿನಷ್ಟೂ ದೊಡ್ಡದಾಗಬಾರದು. ಕಾಲು ಬೆಳೆದ ಹಾಗೆಲ್ಲ ಹೊಸದು ಕೊಡಿಸ್ಬೇಕು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದರ್ಜಿ ಮೈದಾನದ ಕಡೆ ನೋಡಿದ. ಓಟ ಮುಗಿದು ಎಷ್ಟೋ ಹೊತ್ತಾದರೂ ಮಗಳು ಇನ್ನೂ ಓಡುತ್ತಲೇ ಇದ್ದಳು.

"ಬಾ ಪುಟ್ಟಿ, ಅಂಗಡಿ ಮುಚ್ಚೋಕೆ ಮುಂಚೆ ಹೋಗೋಣ," ಎಂದು ಕೂಗಿದ.

ಅಂದು ಉಳಿದದ್ದು ಮುನ್ನೂರು, ಹೋದದ್ದು ಎರಡು ಸಾವಿರ. ಮಗಳು ತಂಡ ಸೇರಿದಳು.